ಒಂದು ಮೊಳ ಕಿರಿದಾದ ಮನೆ

ಮನೆ ಕಟ್ಟಿಸಿ ಸೊರಗಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ರಿಪೇರಿ ಮಾಡಿಸುತ್ತಾ ಮನೆಯೇ ಸೊರಗಿಹೋದದ್ದು ಮಾತ್ರ ಕೊಟ್ಟೂರಿನಲ್ಲಿ. ಇದು ನಡೆದ ಸಂಗತಿ. ಒಗ್ಗರಣೆ ಎಲ್ಲಾದರೂ ಜಾಸ್ತಿಯಾಗಿದ್ದರೆ ಅದು ಇದನ್ನು ಹೇಳಿದ ಜಂಬಣ್ಣನ ಕೈಗುಣ. ಅಳತೆಯಲ್ಲಿ ಮಾತ್ರ ಒಂದು ನೂಲು ಹೆಚ್ಚುಕಮ್ಮಿ ಇಲ್ಲ.

ಜಂಬಣ್ಣನಿಗೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಸಿಮೆಂಟು, ಕಬ್ಬಿಣದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಇಂಜಿನಿಯರ್ ಸಂಘಮಿತ್ರಾಳ ಆಫೀಸು. ಮೇಲೆ ಸಲಹೆ, ಕೆಳಗೆ ಸರಕು. ಹೊಸ ಸ್ಲ್ಯಾಬು ಯಾಕೆ ಸೋರುತ್ತದೆ, ಸಿಮೆಂಟು ಯಾರ ಮನೆಯ ಬಚ್ಚಲಿಗೆ ಹೋಯಿತು, ನಿನ್ನೆ ನೆಟ್ಟಗಿದ್ದ ಗೋಡೆ ಇಂದು ಯಾಕೆ ಹೊಟ್ಟೆ ಬಿಟ್ಟಿದೆ ಎಂಬುದನ್ನೆಲ್ಲ ಆಕೆ ಗೋಡೆಯನ್ನೇ ಕೇಳಿ ಹೇಳುತ್ತಾಳೆಂದು ಸುತ್ತಲಿನ ತಾಲ್ಲೂಕುಗಳಲ್ಲಿ ಹೆಸರಾಗಿತ್ತು. ಜನ 'ಮನಿ ಡಾಕ್ಟ್ರು' ಅನ್ನುತ್ತಿದ್ದರು. ಹಾಗಾದರೆ ಕಂಪೌಂಡರು ಜಂಬಣ್ಣ. ಕಾರು ಅವನದು, ಟೇಪಿನ ಇನ್ನೊಂದು ತುದಿ ಹಿಡಿಯುವ ಕೈ ಅವನದು. ಬಂದ ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ ಆ ಗಿರಾಕಿಯ ಕೆಮ್ಮು, ಕುಂಟು, ಗೋಳುಗಳನ್ನು ಹಾಗೇ ಮಾಡಿ ತೋರಿಸುವ ಬಾಯಿಯೂ ಅವನದೇ. ಸಂಘಮಿತ್ರಾ ನಗುತ್ತಿರಲಿಲ್ಲ. ನೆಟ್ಟಗಿರುವ ಗೋಡೆ ಕಂಡರೆ ಮಾತ್ರ ನಗುತ್ತಿದ್ದಳು, ಅಂದರೆ ಅಪರೂಪಕ್ಕೆ.

ಸಂಕ್ರಾಂತಿಯ ಹಿಂದಿನ ಒಂದು ಬೆಳಿಗ್ಗೆ ಆಕೆಯ ಫೋನು ಬಡಿಯಿತು. ಸ್ಪೀಕರಿನಲ್ಲಿ ಒಂದು ಮುದಿ ದನಿ, ಆದರೆ ನಡುಗದ ದನಿ.

"ಮನಿ ಡಾಕ್ಟ್ರು ಏನವ್ವಾ? ಗ್ವಾಡಿಗೆ ಗಿಲಾವ್ ಮಾಡಿಸಿದ್ರ ಮನಿ ಎಷ್ಟು ಸಣ್ಣದಾಗತೈತಿ?"

"ಎರಡೂ ಕಡಿ ಸೇರಿ ಎರಡು ಬೆರಳು. ಗೌಂಡಿ ಕುಡುದು ಮೆತ್ತಿದ್ರ ಮೂರು."

"ಒಂದು ಮೊಳ?"

"ಮೊಳದ ಗಿಲಾವ್ ಗ್ವಾಡಿ ಮ್ಯಾಲ ನಿಂದ್ರಂಗಿಲ್ಲಮ್ಮ, ಬಿದ್ದು ಹೋಗತೈತಿ."

ಆಚೆ ಕಡೆ ಒಂದು ದೀರ್ಘ ಉಸಿರು. "ಹಂಗಾರ ನನ್ನ ತಲಿ ನೆಟ್ಟಗೈತಿ."

ಆಕೆ ಕೊಟ್ಟೂರಿನ ನೀಲಗಂಗಮ್ಮ. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಹೋಗಿ ವರ್ಷಗಳಾಗಿದ್ದವು. ಶ್ರಾವಣದಲ್ಲಿ ಮೊಮ್ಮಗಳ ಬಾಣಂತನಕ್ಕೆಂದು ಹರಪನಹಳ್ಳಿಯ ಮಗಳ ಮನೆಗೆ ಹೋಗಿ, ದೀಪಾವಳಿಗೆ ತಿರುಗಿ ಬಂದಿದ್ದಳು. ಅಷ್ಟರಲ್ಲಿ ಮಗ ಹಳೇ ಮಾಳಿಗೆ ಮನೆಯನ್ನು ರಿಪೇರಿ ಮಾಡಿಸಿದ್ದ: ಗೋಡೆಗೆ ಹೊಸ ಸಿಮೆಂಟಿನ ಗಿಲಾವು, ಹೊಸ ಟೈಲ್ಸು, ಹೊಸ ಬಣ್ಣ. ಅವತ್ತಿನಿಂದ ಮನೆ ಆಕೆಗೆ ಕಿರಿದಾಗಿತ್ತು. ಬರೀ ಕಿರಿದಲ್ಲ, ದಿನಾ ಒಂದೊಂದು ಕಡೆ ಕಚ್ಚುತ್ತಿತ್ತು.

"ಮಗ ಅಂತಾನ ನನಗ ಭ್ರಮಿ ಅಂತ. ನಾಳಿ ಮುಂಜಾನಿ ಗಾಡಿ ಬರತೈತಿ, ಹೊಳಿ ಆಚಿ ಯಾವುದೋ ಆಶ್ರಮಕ್ಕ ಹಾಕ್ತಾರ. ಅಲ್ಲಿ ಹೋದ ಮ್ಯಾಲ ನಾ ಏನ್ ಹೇಳಿದ್ರೂ ಹುಚ್ಚಿ ಮಾತು. ಮಗಳು ನಿನ್ನ ನಂಬರು ಕೊಟ್ಲು. ಇವತ್ತ ಬಂದು ಅಳದು ಹೇಳು ತಂಗೀ, ನನ್ನ ಮನಿ ಸಣ್ಣದಾಗೈತೋ, ನನ್ನ ಬುದ್ಧಿ ಸಣ್ಣದಾಗೈತೋ."

ಸಂಘಮಿತ್ರಾ ಫೋನಿಟ್ಟು ಟೇಪು ಎತ್ತಿಕೊಂಡಳು.

ಕೊಟ್ಟೂರಿನ ದಾರಿಯುದ್ದಕ್ಕೂ ಜಂಬಣ್ಣ ತನ್ನ ಸಿದ್ಧಾಂತ ಕಟ್ಟಿದ. ತಳಪಾಯ ಭದ್ರವಾಗಿದೆ ಎಂದು ಅವನೇ ಹೊಗಳಿಕೊಂಡ. "ಮೇಡಮ್ಮಾರೇ, ಇದು ಕಂಟ್ರಾಕ್ಟರ್‌ದು ಕೈಚಳಕ. ಹಳೇ ಗ್ವಾಡಿ ಮುಂದ ಇನ್ನೊಂದು ಗ್ವಾಡಿ ಎಬ್ಬಿಸ್ಯಾನ. ನಡುವ ಏನೋ ಮುಚ್ಚಿಟ್ಟಾನ. ಹಳೇ ಮನ್ಯಾಗ ಏನರ ಸಿಕ್ಕಿರತೈತಿ."

"ನೋಡೋಣ್ರಿ," ಅಂದಳು ಸಂಘಮಿತ್ರಾ. ಆಕೆ 'ನೋಡೋಣ್ರಿ' ಅಂದರೆ 'ಸುಮ್ಮನಿರಿ' ಎಂದರ್ಥ.

ಬೀದಿಯ ಮೂಲೆಯಲ್ಲಿ ಹುಲುಗಪ್ಪನ ಚಹದಂಗಡಿ. ಜಂಬಣ್ಣ ಕಾರಿನಿಂದಲೇ ಕೂಗಿದ, "ಯಣ್ಣಾ, ನೀಲಗಂಗಮ್ಮಾರ ಮನಿ ಯಾವುದು?"

ಹುಲುಗಪ್ಪ ಸೋಸುತ್ತಿದ್ದ ಚಹ ನಿಲ್ಲಿಸಿ ಬೆಂಚಿನ ಮೇಲಿದ್ದ ಇಬ್ಬರ ಮುಖ ನೋಡಿದ. ಅವರು ನೆಲ ನೋಡಿದರು. ಒಬ್ಬನ ಮೂಗಿನಿಂದ ನಗು ಚಹದೊಂದಿಗೆ ಹೊರಬಂತು. "ಅಜ್ಜಿ ಅಲ್ಲಿ ಅದಾಳ ನೋಡ್ರಿ, ಆ ಹಸಿರು ಬಾಗ್ಲ," ಅಂದ ಹುಲುಗಪ್ಪ. ಹುಚ್ಚಿಯ ಮನೆ ಎಂದು ನಗುತ್ತಿದ್ದಾರೆ ಅಂದುಕೊಂಡು ಜಂಬಣ್ಣ ಗೇರು ಬದಲಿಸಿದ.

ಮೊದಲು ಒಂದು ಸಂದಿ, ಹಂದಿ ಹೊಕ್ಕರೆ ಹೊರಳಲಾರದಷ್ಟು ಇಕ್ಕಟ್ಟು. ಅದಕ್ಕೆ ಹತ್ತಿ ಒಂದು ಬಯಲು ಜಾಗ, ಹೊಸ ಕಾಂಕ್ರೀಟು ಕಂಬಗಳು ತಲೆಯ ಮೇಲೆ ಕಬ್ಬಿಣದ ಕೂದಲು ಬಿಟ್ಟುಕೊಂಡು ನಿಂತಿದ್ದವು. ಅದಾದ ಮೇಲೆ ಹಸಿರು ಬಾಗಿಲಿನ ಮಾಳಿಗೆ ಮನೆ. ಜಂಬಣ್ಣ ಸಂದಿಯ ಬಾಯಿಗೆ ಕಾರು ನಿಲ್ಲಿಸಿದ.

ಬಾಗಿಲಲ್ಲಿ ಮಗ ಪ್ರವೀಣಕುಮಾರ್ ಎದುರಾದ. ಬೀಜ-ಗೊಬ್ಬರದ ವ್ಯಾಪಾರ, ಇಸ್ತ್ರಿಯ ಅಂಗಿ, ಅದಕ್ಕಿಂತ ಗರಿಗರಿಯಾದ ನಗೆ. "ಅವ್ವ ಫೋನ್ ಮಾಡಿ ತ್ರಾಸು ಕೊಟ್ಲಾ? ಬರ್ರಿ, ಬರ್ರಿ. ನೀವರ ಹೇಳಿದ್ರ ನಂಬ್ತಾಳ." ಪಕ್ಕದ ಜಾಗ ಯಾರದೆಂದು ಸಂಘಮಿತ್ರಾ ಕೇಳಿದಳು. "ನಮ್ಮ ಚಿಕ್ಕವ್ವ ಕೊಟ್ರಮ್ಮಂದ್ರಿ. ಕೆಡವಿಸ್ಯಾಳ. ಆಕಿ ದಾವಣಗೆರ್ಯಾಗ ಮಗನ ಮನ್ಯಾಗ ಅದಾಳ. ಎರಡೂ ಮನಿ ನಮ್ಮಜ್ಜ ಅಣ್ಣತಮ್ಮಗ ಅಂತ ಒಂದ ನಮೂನಿ ಕಟ್ಟಿಸಿದ್ದ. ಎರಡೂ ಕಡಿ ಕೆಲಸ ನಮ್ಮ ಬಸವೇಶನ ಮಾಡಿಸೋದು."

ಬಸವೇಶ್ ಕಂಟ್ರಾಕ್ಟರು ಹಿಂದಿನಿಂದ ಕೈ ಮುಗಿದ. ಜಂಬಣ್ಣ ಅವನನ್ನು ಕಳ್ಳನನ್ನು ನೋಡುವಂತೆ ನೋಡಿದ.

ಸಂಘಮಿತ್ರಾ ಒಳಗೆ ಕಾಲಿಡಲಿಲ್ಲ, ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸಾಗುವಾನಿಯ ಹಳೇ ಹೊಸ್ತಿಲು, ನಡುವೆ ಕಾಲು ತುಳಿದು ತುಳಿದು ಹಳ್ಳ ಬಿದ್ದಿತ್ತು. ಚೌಕಟ್ಟಿನ ಸುತ್ತ ಬೆರಳಾಡಿಸಿ, ಉಗುರಿನಿಂದ ಕೆರೆದಳು. ಬಣ್ಣದ ಕೆಳಗೆ ಹೊಸ ಸಿಮೆಂಟು.

"ಹೊಸ್ತಿಲ ಹಳೇದ ಇಟ್ಟೀರಿ?"

"ಅವ್ವ ದಿನಾ ಕೈಯಿಂದ ತಡವಿ ಅರಿಷಿಣ ಹಚ್ಚತಾಳ್ರಿ. ಅದೊಂದು ಬದಲ್ ಮಾಡಬ್ಯಾಡ ಅಂದಿದ್ಲು."

"ಒಳ್ಳೇದು ಮಾಡೀರಿ," ಅಂದು ಸಂಘಮಿತ್ರಾ ಒಳಗೆ ಹೋದಳು.

ಪಡಸಾಲೆಯ ಎಡಗೋಡೆಗೆ ಮಂಚ, ಮಂಚದ ಮೇಲೆ ನೀಲಗಂಗಮ್ಮ, ಬೆನ್ನು ಕಡ್ಡಿಯಂತೆ. ಸೀರೆಯಂಚಿನ ಕೆಳಗೆ ಎರಡೂ ಮೊಣಕಾಲ ಕೆಳಗೆ ಕಂದು, ನೀಲಿ, ಹಸಿರು ಗಾಯಗಳು. ಎದುರಿಗೆ ಅಡಿಗೆಮನೆಯ ಬಾಗಿಲಲ್ಲಿ ಬೆನ್ನು ತಿರುಗಿಸಿ ಇನ್ನೊಬ್ಬಳು ಮುದುಕಿ ಸೊಪ್ಪು ಸೋಸುತ್ತಿದ್ದಳು.

"ಅಡಿಗಿಗೆ ಇಟಕೊಂಡೇವ್ರಿ," ಅಂದಳು ಸೊಸೆ ಅರ್ಚನಾ. "ಹುಟ್ಟು ಮೂಕಿ. ಕಿವಿನೂ ಕೇಳಂಗಿಲ್ಲ. ಅತ್ತಿದು ಸ್ನಾನ, ಊಟ ಎಲ್ಲಾ ಆಕಿನ ನೋಡ್ಕೊಂತಾಳ."

"ಆಕಿ ಕೈ ಕಲ್ಲು ಕಲ್ಲು," ಅಂದಳು ನೀಲಗಂಗಮ್ಮ. "ಬೆನ್ನು ತಿಕ್ಕಿದ್ರ ತೊಗಲು ಬರತೈತಿ. ಇರ್ಲಿ, ಬಾ ತಂಗೀ, ಕುಂದ್ರು. ನೋಡು, ಮೊದಲು ಈ ಮಂಚದಿಂದ ಕೈ ಚಾಚಿದ್ರ ಎದುರಿನ ದ್ಯಾವ್ರ ಜಗಲಿ ಸಿಗತಿದ್ದಿಲ್ಲ, ಎದ್ದು ಹೋಗಬೇಕಿತ್ತು. ಈಗ ನೋಡು." ಆಕೆ ಕೈ ಚಾಚಿದಳು, ಬೆರಳ ಗೆಣ್ಣು ಜಗಲಿಯ ಅಂಚಿಗೆ ಟಕ್ಕೆಂದು ಬಡಿಯಿತು. "ನಡುಗಂಬದಾಗ ತೊಟ್ಟಿಲ ಮೊಳಿ ಇತ್ತು, ಇಲ್ಲ. ಬಣ್ಣ ಹಚ್ಚುವಾಗ ಕಿತ್ತೇವಿ ಅಂತಾರ. ದಿನಾ ಒಂದು ಸ್ಟೂಲು ಬಂದು ನನ್ನ ಕಾಲಿಗೆ ಬಡೀತೈತಿ. ನಿನ್ನಿ ಇಲ್ಲಿದ್ದುದು ಇವತ್ತು ಅಲ್ಲಿ. ರಾತ್ರಿ ಮಲಗಿದ್ರ ಈ ಎಡಗ್ವಾಡಿ ಗುಡುಗತೈತಿ. ಯಾಕಂತ ಕೇಳಿದ್ರ ಕಾಂಕ್ರೀಟು ಮಷೀನು ಅಂತಾರ. ಈ ಗ್ವಾಡಿ ಆಚಿ ಸಂದಿ ಐತಿ, ಅಲ್ಲಿ ನಾಯಿ ಹೋಗಂಗಿಲ್ಲ, ಮಷೀನು ಹೆಂಗ ಹೋತು? ಈ ಮನಿ ಸಣ್ಣದು ತಂಗೀ, ಸಣ್ಣದು!"

ಸೊಪ್ಪಿನ ಮುದುಕಿಯ ಹೆಗಲು ಕುಲುಕಿತು. ಸೆರಗು ಬಾಯಿಗೆ ಹೋಯಿತು. ಮೂಕಪ್ರಾಣಿಗಾದರೂ ಕರುಣೆ ಇದೆಯಲ್ಲ ಎಂದು ಜಂಬಣ್ಣ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ.

ಅಳತೆ ಶುರುವಾಯಿತು. ಜಂಬಣ್ಣ ಗೋಡೆಗಳನ್ನು ಗೆಣ್ಣಿನಿಂದ ಬಡಿಬಡಿದು ಟೊಳ್ಳು ದನಿಗೆ ಕಿವಿಗೊಟ್ಟ. ಬಸವೇಶನ ಮೇಲೆ ಒಂದು ಕಣ್ಣು ಇಟ್ಟೇ ಇದ್ದ. ಗೋಡೆ ಎಲ್ಲೂ ಟೊಳ್ಳಿರಲಿಲ್ಲ. ಸಂಘಮಿತ್ರಾ ಕಿಟಕಿಯಲ್ಲಿ ಕೈ ಇಟ್ಟು ದಪ್ಪ ನೋಡಿದಳು: ಹಳೇ ಮಣ್ಣಿನ ಗೋಡೆ ಎಷ್ಟಿರಬೇಕೋ ಅಷ್ಟೇ, ಎರಡು ಬೆರಳು ಗಿಲಾವು. ಜಂಬಣ್ಣನ ಸಿದ್ಧಾಂತ ತಳಪಾಯ ಸಮೇತ ಕುಸಿಯಿತು.

"ಅಡಿಗಿಮನಿ ನೋಡ್ತೀರೇನ್ರಿ?" ಎಂದು ಪ್ರವೀಣಕುಮಾರ್ ಮುಂದೆ ನಡೆದ. ಒಳಬಾಗಿಲ ಮೇಲಿನ ತೊಲೆಗೆ ಅವನ ಹಣೆ ಢಣ್ ಎಂದಿತು. "ಥೂ, ಹಾಳು ತೊಲಿ!" ಹಿಂದೆಯೇ ಜಂಬಣ್ಣನೂ ಅದೇ ಸ್ವರದಲ್ಲಿ ಢಣ್ ಎನಿಸಿಕೊಂಡ. ಅವರ ನಡುವೆ ಮೂಕಮುದುಕಿ ಸೊಂಟದ ಮೇಲೆ ತುಂಬಿದ ಕೊಡ ಹೊತ್ತು, ತಲೆ ಎತ್ತಿ ನೋಡದೆಯೇ ಕುತ್ತಿಗೆ ಒಂದಿಷ್ಟು ಓರೆ ಮಾಡಿ, ತೊಲೆಯ ಕೆಳಗೆ ಹಾದು ಹೋದಳು. ಕತ್ತಲ ಗೂಡಿಗೆ ಕೈ ಹಾಕಿ ಸೌಟು ತೆಗೆದಳು. ಸಂಘಮಿತ್ರಾ ಹಣೆ ಉಜ್ಜಿಕೊಳ್ಳುತ್ತಿದ್ದ ಇಬ್ಬರನ್ನೂ, ಆ ಮುದುಕಿಯನ್ನೂ ಬಹಳ ಹೊತ್ತು ನೋಡಿದಳು.

ಹೊರಗೆ ಬಂದು ಆಕೆ ಸಂದಿಯ ತನಕ ನಡೆದು ಹೋಗಿ ತಿರುಗಿ ಬಂದಳು. ಕಾರಿನ ಬಾನೆಟ್ಟಿಗೆ ಒರಗಿ ಕೇಳಿದಳು:

"ಜಂಬಣ್ಣ, ಅಣ್ಣತಮ್ಮರ ಹೆಂಡ್ರು, ಈ ನೆಗೆಣ್ಣಿಯರ ನಡುವ ಏನರ ಜಗಳ ಐತೇನಂತ ಕೇಳ್ಕೊಂಡು ಬರ್ರಿ. ಚಹದಂಗಡ್ಯಾಗ. ಮನಿ ಸುದ್ದಿ ಎತ್ತಬ್ಯಾಡ್ರಿ, ಬರೇ ಜಗಳ."

ಜಂಬಣ್ಣ ಎರಡು ಚಹ ಕುಡಿದು ಜಗಳದ ಪೂರಾ ನಾಟಕ ಎತ್ತಿಕೊಂಡು ಬಂದ, ಇಬ್ಬರ ದನಿಯಲ್ಲೂ ಆಡಿ ತೋರಿಸಿದ. ಮಾವ ಎರಡು ಮನೆ ಕಟ್ಟಿಸಿದ್ದ. ಸಂದಿ ಬಿಟ್ಟಾಗ ಜಾಗ ಕಮ್ಮಿಬಿದ್ದು ಕಿರಿಮಗನ ಮನೆ ಒಂದು ಮೊಳ ಕಿರಿದಾಯಿತು. ಕಿರಿಸೊಸೆ ಕೊಟ್ರಮ್ಮ ಮದುವೆಯಾಗಿ ಬಂದ ವರ್ಷವೇ ಅಳೆದು ನೋಡಿ ಬಾಯಿ ಬಡಿದುಕೊಂಡಳು. ಹಿರಿಸೊಸೆ ನೀಲಗಂಗಮ್ಮ ಬೀದಿಯಲ್ಲಿ ನಿಂತು, "ಒಂದು ಮೊಳದಾಗ ಏನೈತಿ? ಮಲಗಿದ್ರ ಗೊತ್ತಾಗತೈತೇನ?" ಅಂದಿದ್ದಳು. ಮೂವತ್ತು ವರ್ಷ ಆ ಮಾತನ್ನೇ ಅಂದಿದ್ದಳು. ಕೊಟ್ರಮ್ಮ ನಿನ್ನ ನೆರಳೂ ತುಳಿಯಂಗಿಲ್ಲ ಎಂದು ಮಣ್ಣು ತೂರಿದ್ದಳು. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ದಾಟಿರಲಿಲ್ಲ.

"ಎಂಥಾ ಮುದುಕೇರು!" ಎಂದು ಜಂಬಣ್ಣ ನಕ್ಕ.

"ಸಂಜಿಗೆ ಎಲ್ಲಾರನ್ನೂ ಪಡಸಾಲ್ಯಾಗ ಕೂಡಸ್ರಿ," ಅಂದಳು ಸಂಘಮಿತ್ರಾ. "ಹುಲುಗಪ್ಪಂಗೂ ಬರಾಕ ಹೇಳ್ರಿ. ನಾ ಏನ್ ಅಂದ್ರೂ ನಡುವ ಬಾಯಿ ಹಾಕಬ್ಯಾಡ್ರಿ."

ಸಂಜೆ ಪಡಸಾಲೆ ತುಂಬಿತು. ಬೀದಿಯ ಅರ್ಧ ಜನ ಬಾಗಿಲಲ್ಲಿ, ಕಿಟಕಿಯಲ್ಲಿ. ಆಶ್ರಮಕ್ಕೆ ಕಟ್ಟಿಟ್ಟಿದ್ದ ಸೀರೆಗಳ ಚೀಲ ಮಂಚದ ಪಕ್ಕದಲ್ಲೇ ಇತ್ತು. ನೀಲಗಂಗಮ್ಮ ತೀರ್ಪು ಕೇಳಲು ಕೂತವಳಂತೆ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಮೂಕಿ ಅಡಿಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಜಿಗುಟು ಹಿಟ್ಟು.

"ಅಳತಿ ಮುಗೀತು," ಅಂದಳು ಸಂಘಮಿತ್ರಾ. "ಅಮ್ಮಾ, ಮನಿ ಒಂದು ಬೆರಳೂ ಸಣ್ಣದಾಗಿಲ್ಲ. ನಿಮ್ಮ ಮಗ ಹೇಳಿದ್ದು ಖರೆ. ತಪ್ಪು ನಿಮ್ಮ ತಲ್ಯಾಗೈತಿ."

ನೀಲಗಂಗಮ್ಮನ ಮುಖ ಸುಣ್ಣವಾಯಿತು. ಆಕೆಯ ಕೈ ಹುಡುಕಿ ಹುಡುಕಿ ಆ ಸೀರೆಗಳ ಚೀಲವನ್ನು ಮುಟ್ಟಿತು. ಇನ್ನು ಹೋಗುವುದೇ ಸರಿ ಎಂಬಂತೆ ಅದರ ಗಂಟನ್ನು ಬಿಗಿ ಮಾಡಿದಳು. ಜಂಬಣ್ಣನಿಗೆ ಸಂಘಮಿತ್ರಾಳ ಮುಖ ನೋಡಲಾಗಲಿಲ್ಲ. ಇಷ್ಟು ನಿರ್ದಯಿ ಎಂದು ಅವನಿಗೆ ಗೊತ್ತಿರಲಿಲ್ಲ. ಪ್ರವೀಣಕುಮಾರ್ ಉಸಿರು ಬಿಟ್ಟು ಹೆಂಡತಿಯ ಕಡೆ ನೋಡಿದ.

"ಇನ್ನೊಂದು ಮಾತು," ಸಂಘಮಿತ್ರಾ ಟೇಪು ಸುತ್ತುತ್ತಾ ಮುಂದುವರಿಸಿದಳು. "ಬೀದ್ಯಾಗ ಒಂದು ಸುಳ್ಳು ಮೂವತ್ತು ವರ್ಷದಿಂದ ಓಡ್ಯಾಡತೈತಿ. ಅದನ್ನೂ ಮುಗಿಸಿ ಬಿಡ್ತೀನಿ. ಹಳೇ ತಳಪಾಯ ನೋಡಿ ಅಳದೀನಿ. ಅಣ್ಣನ ಮನಿ, ತಮ್ಮನ ಮನಿ ಎರಡೂ ಸಮ. ಒಂದು ನೂಲು ಹೆಚ್ಚುಕಮ್ಮಿ ಇಲ್ಲ. ಆ ಕೊಟ್ರಮ್ಮ ಅನ್ನಾಕಿ ಹೊಟ್ಟಿಕಿಚ್ಚಿಗೆ ಸುಮ್ಮನ ಬೊಬ್ಬಿ ಹೊಡದಾಳ. ಅಷ್ಟ."

"ಯಾವಳ ಆಕಿ ಸಮ ಅನ್ನಾಕಿ!"

ಹಿಟ್ಟಿನ ಉಂಡೆ ನೆಲಕ್ಕೆ ಬಿತ್ತು. 'ಮೂಕಿ' ಪಡಸಾಲೆಯ ನಡುವೆ ನಿಂತಿದ್ದಳು. "ಮದುವಿಯಾಗಿ ಬಂದ ವರ್ಷನ ನನ್ನ ಕೈಯಾರೆ ಅಳದೀನಿ! ಒಂದು ಮೊಳ ಕಮ್ಮಿ ಐತಿ! ನಿನ್ನ ಟೇಪಿಗೆ ಬೆಂಕಿ ಹಾಕ! ಇಲ್ಲಿ ಬಾ, ಈ ಗ್ವಾಡಿಯಿಂದ ಆ ಗ್ವಾಡಿಗೆ ಅಳಿ, ನನ್ನ ಮನಿ ಒಂದು ಮೊಳ..."

ಆಕೆ ಅಲ್ಲಿಗೆ ನಿಂತಳು. ಕಿಟಕಿಯಲ್ಲಿದ್ದ ಯಾರೋ "ಅಯ್ಯಯ್ಯೋ" ಅಂದರು. ಮಂಚದ ಮೇಲೆ ನೀಲಗಂಗಮ್ಮನ ತಲೆ ಆ ದನಿಯ ಕಡೆ ನಿಧಾನವಾಗಿ ತಿರುಗಿತು.

"ಕೊಟ್ರೀ?"

'ಮೂಕಿ' ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡಳು.

"ನನ್ನ ಮನಿ ಅಂದ್ಲು, ಕೇಳಿದ್ರಲ್ಲ," ಎಂದಳು ಸಂಘಮಿತ್ರಾ. "ಅಮ್ಮಾ, ಕ್ಷಮಾ ಮಾಡ್ರಿ. ಆಕಿ ಬಾಯಿ ತೆರಸಾಕ ನಿಮ್ಮನ್ನ ಹುಚ್ಚಿ ಅನಬೇಕಾತು. ನಿಮ್ಮ ತಲಿ ಈ ಓಣ್ಯಾಗ ಎಲ್ಲಾರಗಿಂತ ನೆಟ್ಟಗೈತಿ. ಮನಿ ಸಣ್ಣದಾಗಿಲ್ಲ, ಯಾಕಂದ್ರ ಮನಿ ಸಣ್ಣದಾಗಂಗಿಲ್ಲ. ಗಿಲಾವ್ ಎರಡು ಬೆರಳು ತಿಂತೈತಿ, ಮೊಳ ತಿನ್ನಂಗಿಲ್ಲ. ಕಳ್ಳಗ್ವಾಡಿ ಕಟ್ಟಿದ್ರ ಕಿಟಕಿ ಆಳ ಆಗಬೇಕು, ಆಗಿಲ್ಲ. ಹಂಗಾರ ಉಳಿದಿದ್ದು ಒಂದ: ಇದು ಆ ಮನಿ ಅಲ್ಲ. ನೀವು ಎರಡು ತಿಂಗಳಿಂದ ಕೊಟ್ರಮ್ಮನ ಮನ್ಯಾಗ ಅದೀರಿ."

"ಹೊಸ್ತಿಲ ನಂದ ಐತಲ್ಲ," ಅಂದಳು ನೀಲಗಂಗಮ್ಮ, ಬಹಳ ಸಣ್ಣ ದನಿಯಲ್ಲಿ.

"ಅದ ಮೊದಲು ಸುಳಿವು ಕೊಟ್ಟಿದ್ದು. ಮನಿ ರಿಪೇರಿ ಮಾಡಿಸಾರು ಏನ್ ಬೇಕಾದ್ರೂ ಕೀಳ್ತಾರ, ಹೊಸ್ತಿಲ ಮುಟ್ಟಂಗಿಲ್ಲ. ಕಿತ್ತರ ಮುಹೂರ್ತ, ಪೂಜಿ ಎಲ್ಲಾ ಹೊಸದಾಗಿ ಮಾಡಬೇಕು. ಇಲ್ಲಿ ಚೌಕಟ್ಟು ಹಳೇದು, ಸುತ್ತ ಸಿಮೆಂಟು ಹೊಸದು. ಇದ್ದ ಜಾಗದಾಗ ಇದ್ದದ್ದನ್ನ ಯಾರ ಕಿತ್ತು ಮತ್ತ ಅಲ್ಲೇ ಕೂಡಸ್ತಾರ? ಅದು ಬ್ಯಾರೆ ಮನಿಯಿಂದ ಬಂದೈತಿ. ನಿಮ್ಮ ಕೈ ಅದನ್ನ ಗುರ್ತಿಸತೈತಿ ಅಂತ ಗೊತ್ತಿದ್ದ ಕಿತ್ತು ತಂದಾರ. ಹಳೇ ಹೊಸ್ತಿಲ ಹೊಸ ಮನಿಗೆ ಹಾಕೋದು ನಮ್ಮ ಕಡಿ ಪದ್ಧತಿ. ಆ ಪದ್ಧತಿನ ಮೋಸಕ್ಕ ಮಾಡ್ಯಾರ."

ಬಸವೇಶ್ ಬಾಗಿಲ ಕಡೆ ಅರ್ಧ ಹೆಜ್ಜೆ ಇಟ್ಟ. ಹುಲುಗಪ್ಪನ ಹೊಟ್ಟೆ ಅಡ್ಡ ಬಂತು.

"ಎರಡನೇದು, ನಿಮ್ಮ ಎಡಗ್ವಾಡಿ. ಸಂದಿಯೊಳಗ ಮಷೀನು ಹೋಗಂಗಿಲ್ಲ ಅಂದ್ರಿ, ಖರೆ. ಹೋಗಿ ನೋಡಿದ್ರ ಸಂದಿ ಈ ಗ್ವಾಡಿಗೆ ಹತ್ತೇ ಇಲ್ಲ. ಅದು ಆ ಕಂಬದ ಜಾಗದ ಆಚಿ ಐತಿ. ಸಂದಿಗೆ ಹತ್ತಿದ ಮನಿ ನಿಮ್ಮದು ಅಂದ ಮ್ಯಾಲ ಕೆಡವಿದ್ದು ಯಾರ ಮನಿ? ಮೂರನೇದು, ನಿಮ್ಮ ಮಗ. ಹುಟ್ಟಿ ಬೆಳದ ಮನ್ಯಾಗ ಯಾವ ತೊಲಿ ತಲಿಗೆ ಬಡೀತೈತಿ ಅಂತ ಕುತ್ತಿಗಿಗೆ ಗೊತ್ತಿರತೈತಿ. ಈತ ಜಂಬಣ್ಣನಂಗ ಢಣ್ ಅಂದ. ಕೊಡ ಹೊತ್ತ ಅಡಿಗಿಯಾಕಿ ನೋಡದ ಬಗ್ಗಿದ್ಲು. ಕತ್ತಲ ಗೂಡಿನ್ಯಾಗ ಸೌಟು ಎಲ್ಲೈತಂತ ಕೈಗೆ ಗೊತ್ತಿತ್ತು. ಅಂದ್ರ ಈ ಮನಿ ಯಾರದು?"

"ಮತ್ತ ಕಿವುಡಿ ಅಲ್ಲ ಅಂತ ಹೆಂಗ ಗೊತ್ತಾತ್ರಿ?" ಜಂಬಣ್ಣ ತಡೆಯಲಾರದೆ ಕೇಳಿದ.

"ಅಮ್ಮ 'ಈ ಮನಿ ಸಣ್ಣದು' ಅಂದಾಗ ಆಕಿ ಬೆನ್ನು ನಮ್ಮ ಕಡಿಗಿತ್ತು. ತುಟಿ ನೋಡಂಗಿದ್ದಿಲ್ಲ. ಆದ್ರೂ ಹೆಗಲು ಕುಲುಕಿತು. ನೀವು ಅಳಾಕತ್ತಾಳ ಅನ್ಕೊಂಡ್ರಿ." ಸಂಘಮಿತ್ರಾ ಕೊಟ್ರಮ್ಮನ ಕಡೆ ತಿರುಗಿದಳು. "ಅದು ನಗು. ಹೌದಲ್ಲೇನ್ರಿ?"

ಬೆಳಿಗ್ಗೆ ಆಕೆಗಾಗಿ ಕಣ್ಣೊರೆಸಿದ್ದ ಕರವಸ್ತ್ರವನ್ನು ಜಂಬಣ್ಣ ಕಿಸೆಯ ತಳಕ್ಕೆ ತುರುಕಿದ.

ಪ್ರವೀಣಕುಮಾರ್ ನೆಲಕ್ಕೆ ಕೂತ. ಮಾತು ಅವನ ಬಾಯಿಂದ ಹಳೇ ಗಿಲಾವಿನಂತೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಬೀದಿಗೆ ಮುಖ ಮಾಡಿದ ಜಾಗ, ಮಳಿಗೆ ಹಾಕಿಸಬೇಕಿತ್ತು. ನಾ ಸತ್ತ ಮೇಲೆ ಕೆಡವು ಎಂದು ಅವ್ವ ಹಟ ಹಿಡಿದಿದ್ದಳು. ಆಕೆ ಹರಪನಹಳ್ಳಿಗೆ ಹೋದಾಗ ಕೆಡವಿಸಿದ. ಅವ್ವನಿಗೆ ನೋವಾಗಬಾರದು, ಯಾರೂ ಹೇಳಬೇಡಿ ಎಂದು ಓಣಿಗೆಲ್ಲ ಕೈ ಮುಗಿದ. ಓಣಿ ಬಾಯಿಗೆ ಸೆರಗು ಇಟ್ಟುಕೊಂಡು ಒಪ್ಪಿತು. ಚಿಕ್ಕವ್ವ ತನ್ನ ಮನೆ ಬಿಟ್ಟುಕೊಡಲು ಒಂದೇ ಕರಾರು ಹಾಕಿದಳು: ತಾನೂ ಅಲ್ಲೇ ಇರಬೇಕು, ಅವ್ವನಿಗೆ ಗೊತ್ತಾಗದಂತೆ. ಅವ್ವ ಸಿಕ್ಕಸಿಕ್ಕವರಿಗೆಲ್ಲ ಮನೆ ಕಿರಿದಾಗಿದೆ ಎಂದು ಹೇಳತೊಡಗಿದ ಮೇಲೆ, ಗುಟ್ಟು ಒಡೆಯುವ ಮೊದಲೇ ಆಶ್ರಮದ ದಾರಿ ಹುಡುಕಿದ.

"ಹೌದು, ನಾನ," ಕೊಟ್ರಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿದಳು. ನಾಚಿಕೆ ಇರಲಿಲ್ಲ. "ಒಂದು ಮೊಳದಾಗ ಏನೈತಿ ಅಂತ ಓಣಿ ತುಂಬ ಅಂದ್ಲು. ಮೊಳ ಅಂದ್ರ ಏನಂತ ಆಕಿ ಮೈಗೆ ಗೊತ್ತಾಗಬೇಕಿತ್ತು. ಆಕಿ ಬಾಯಾಗ 'ಸಣ್ಣದು' ಅಂತ ಕೇಳಬೇಕಿತ್ತು. ದಿನಾ ಕೇಳೀನಿ. ಹೊಟ್ಟಿ ತುಂಬ ಕೇಳೀನಿ."

"ಸ್ಟೂಲು?" ಅಂದಳು ನೀಲಗಂಗಮ್ಮ.

"ಅದೂ ನಾನ. ಮೊಳ ಮರೀಬಾರದಂತ."

ನೀಲಗಂಗಮ್ಮ ಮೊಣಕಾಲಿನ ಗಾಯವನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು.

"ನನ್ನ ಮನಿ ಪೂರಾ ಹೋತಾ ಅರ್ಚನಾ?"

"ಹೋತ್ರಿ ಅತ್ತಿ. ಬರೇ ಹೊಸ್ತಿಲ ಉಳದೈತಿ."

ಈಗ ಅಳುತ್ತಾಳೆ ಎಂದು ಜಂಬಣ್ಣ ತಲೆ ತಗ್ಗಿಸಿದ. ಆದರೆ ಆಕೆ ಕೇಳಿದ್ದು ಬೇರೆ.

"ಕೊಟ್ರೀ, ಬಚ್ಚಲಾಗ ನನಗ ನೀರು ಹಾಕಿದ್ಯಾರು?"

"ನಾನ."

"ಬೆನ್ನು ತಿಕ್ಕಿದ್ದು? ತಲಿ ಹಿಕ್ಕಿದ್ದು?"

"ನಾನ. ಇನ್ಯಾರು?"

"ಜ್ವರ ಬಂದಾಗ ನಾ ಕಾರಿಕೊಂಡಿದ್ನೆಲ್ಲ, ಅದನ್ನ ಬಳದಿದ್ದು?"

"ನಾ..." ಎಂದ ಕೊಟ್ರಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಬಾಯಿ ಅರ್ಧ ತೆರೆದುಕೊಂಡೇ ಇತ್ತು. ಎಲ್ಲಿಗೆ ಬಂದು ನಿಂತೆ ಎಂದು ಆಕೆಗೆ ಆಗಷ್ಟೇ ಹೊಳೆದಂತಿತ್ತು.

ನೀಲಗಂಗಮ್ಮ ಮಂಚದ ಮೇಲೆ ಕುಲುಕತೊಡಗಿದಳು. ಮೊದಲು ಕೆಮ್ಮೆಂದೇ ಎಲ್ಲರೂ ಅಂದುಕೊಂಡರು. ಅದು ನಗು, ಎದೆಯಿಂದ ಗಂಟಲಿಗೆ ಬಂತು, ಪಡಸಾಲೆಗೆ ಬಂತು.

"ನನ್ನ ನೆರಳು ತುಳಿಯಂಗಿಲ್ಲ ಅಂದಾಕಿ! ಎರಡು ತಿಂಗಳು ನನ್ನ ಕಾಲು ತೊಳದ್ಲು! ಎಂಜಲ ತಾಟು ಎತ್ತಿದ್ಲು! ಅದೂ ಬಾಯಿ ಮುಚಗೊಂಡು! ಈಕಿ ಬಾಯಿ ಮುಚ್ಚಿಸಾಕ ನಮ್ಮ ಮಾವನ ಕೈಲಿ ಆಗಲಿಲ್ಲ, ಗಂಡನ ಕೈಲಿ ಆಗಲಿಲ್ಲ! ಲೇ ಕೊಟ್ರೀ, ನಾ ಕುರುಡಿ, ನನಗ ಕಾಣಲಿಲ್ಲ. ನಿನಗ ಎರಡು ಕಣ್ಣಿದ್ವಲ್ಲೇ, ನೀ ಏನ್ ಮಾಡಾಕತ್ತೀ ಅಂತ ನಿನಗರ ಕಾಣಲಿಲ್ಲೇನಲೇ?"

ಕಿಟಕಿಯಲ್ಲಿದ್ದ ಓಣಿಗೆ ಎರಡು ತಿಂಗಳು ಸೆರಗಿನೊಳಗೆ ನಕ್ಕು ಅಭ್ಯಾಸವಿತ್ತು. ಈಗ ಹುಲುಗಪ್ಪ ಮೊದಲು ಬಿಟ್ಟ, ಆಮೇಲೆ ಬೆಂಚಿನವರಿಬ್ಬರು, ಆಮೇಲೆ ಜಂಬಣ್ಣ, ಬೇಡ ಬೇಡವೆಂದರೂ. ಅರ್ಚನಾ ಕೂಡ ಗೋಡೆಯ ಕಡೆ ತಿರುಗಿ ನಿಂತಳು, ಬೆನ್ನು ನಡುಗುತ್ತಿತ್ತು. ಅವ್ವ ನಗುತ್ತಿದ್ದಾಳೆ, ಅಂದರೆ ಕ್ಷಮಿಸಿದಳು ಎಂದುಕೊಂಡು ಪ್ರವೀಣಕುಮಾರನೂ ಹಲ್ಲು ಬಿಟ್ಟ.

"ನೀನೂ ನಗಾಕತ್ತೀಯೇನಪಾ?" ನೀಲಗಂಗಮ್ಮ ದನಿಯ ಕಡೆ ಬೆರಳು ಮಾಡಿದಳು. "ನಾಳಿ ಗಾಡಿ ಬರತೈತಲ್ಲ, ತಿರುಗಿ ಕಳಸಬ್ಯಾಡ. ನೀನ ಹತ್ತಿ ಹೋಗು. ಆ ಕಂಬ ನನ್ನ ಜಾಗದಾಗ ಅದಾವ, ನನ್ನ ಹೆಬ್ಬೆಟ್ಟು ಇಲ್ದ ಅವುಕ್ಕ ಮಾಳಿಗಿ ಬರಂಗಿಲ್ಲ. ನಾನು ಇಲ್ಲೇ ಇರಾಕಿ. ಈ ಸಣ್ಣ ಮನ್ಯಾಗ. ಸಾಯೋ ತನಕ ಇರಾಕಿ. ಕೊಟ್ರೀ, ಹೊರಗ ಹಾಕ್ತೀಯೇನು? ಹಾಕು ನೋಡೋಣ, ನನ್ನ ಹೊಸ್ತಿಲ ದಾಟಿಸಿ!"

ಪ್ರವೀಣಕುಮಾರನ ಹಲ್ಲು ಒಳಗೆ ಹೋದವು. ಕೊಟ್ರಮ್ಮ ಏನೋ ಹೇಳಲು ಬಾಯಿ ತೆರೆದು, ಎರಡು ತಿಂಗಳ ರೂಢಿಯೋ ಏನೋ, ಮಾತು ಬಾರದೆ ಹಾಗೇ ಮುಚ್ಚಿದಳು. ಅದನ್ನು ಕಂಡು ಓಣಿ ಇನ್ನೂ ಜೋರಾಗಿ ನಕ್ಕಿತು. ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಬೇಕಾದವಳಿಗೆ ಕಣ್ಣಿರಲಿಲ್ಲ. ನೀಲಗಂಗಮ್ಮ ಮಂಚದ ಮೇಲೆ ತೊಡೆ ಬಡಿದುಕೊಳ್ಳುತ್ತಾ, ಸೆರಗು ಜಾರಿದ್ದೂ ಗೊತ್ತಿಲ್ಲದೆ, ಪಡಸಾಲೆಯಲ್ಲಿದ್ದವರೆಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.